ಅನುಸೂಯಮ್ಮ ಹಾಕಿಸಿದ ಒಂದು ತೊಟ್ಟು ಸ್ಪಿರಿಟ್

ಬೇಗೂರಿನ ಅನುಸೂಯಮ್ಮ ಎಲೆಕ್ಟ್ರಾನಿಕ್ ಸಿಟಿ ಹತ್ತಿರದ ಖಾಸಗಿ ಸಂಶೋಧನಾ ಕೇಂದ್ರವೊಂದರಲ್ಲಿ ಅಂಬರ್ ಉಜ್ಜುತ್ತಿದ್ದರು. ಕೋಟ್ಯಂತರ ವರ್ಷಗಳ ಹಿಂದೆ ಮರದಿಂದ ಸುರಿದು ಕಲ್ಲಾದ ಅಂಟೇ ಅಂಬರ್. ಗುಜರಾತಿನ ಗಣಿಗಳಿಂದ ಡಬ್ಬಗಟ್ಟಲೆ ಬರುತ್ತಿತ್ತು. ಒಳಗೆ ಸಿಕ್ಕಿಬಿದ್ದ ಜೀರುಂಡೆ ಸ್ಪಷ್ಟವಾಗಿ ಕಾಣುವ ತನಕ ನಯ ಮಾಡುವುದು ಅವರ ಕೆಲಸ. ಅದು ಯಾವ ಕುಟುಂಬದ್ದೆಂದು ವಿಂಗಡಿಸುವುದು ಮುಖ್ಯಸ್ಥ ಡಾಕ್ಟರ್ ಬಾಲಾಜಿಯ ಕೆಲಸ.

ಹತ್ತು ವರ್ಷ ಮೈಕ್ರೋಸ್ಕೋಪಿನ ಮುಂದೆ ಕೂತವರ ಕಣ್ಣು ಪಳಗದೆ ಇರುತ್ತದೆಯೇ? 2010ರಲ್ಲಿ ಒಂದು ದಿನ ಅವರು, "ಸಾರ್, ಇದನ್ನ ನೆಲದ ಜೀರುಂಡೆ ಅಂತ ಬರ್ದಿದ್ದೀರ. ಹಿಂದಿನ ಪಾದದಲ್ಲಿ ನಾಕೇ ಗೆಣ್ಣಿದೆ, ಐದಿಲ್ಲ. ಬೇರೆ ಕುಟುಂಬದ್ದು," ಎಂದರು.

"ನೀನು ಉಜ್ಜಮ್ಮ, ಸಾಕು," ಎಂದರು ಬಾಲಾಜಿ.

ಆರು ತಿಂಗಳಿಗೆ ಅದೇ ಮಾತು ಬಾಲಾಜಿಯ ಪ್ರಬಂಧವಾಗಿ ಅಚ್ಚಾಯಿತು. ಕೊನೆಯ ಕೃತಜ್ಞತೆಯ ಸಾಲಿನಲ್ಲಿ ಡ್ರೈವರ್ ಗಂಗಪ್ಪನ ಹೆಸರಿತ್ತು, ಅನುಸೂಯಮ್ಮನದಿರಲಿಲ್ಲ. ಅವರು ಜಗಳಕ್ಕೆ ಹೋಗಲಿಲ್ಲ. ಸಮಯಕ್ಕಾಗಿ ಕಾದರು.

ಎರಡು ವರ್ಷದ ಮೇಲೆ ವ್ಯಾಪಾರಿಯೊಬ್ಬ ತಂದ ದೊಡ್ಡ ತುಂಡೊಂದನ್ನು ಬಾಲಾಜಿ ಕೊಂಡರು. ಉಜ್ಜುವಾಗಲೇ ಅನುಸೂಯಮ್ಮನಿಗೆ ಅನುಮಾನ ಬಂತು. ಅಂಚಿಗೆ ಸ್ಪಿರಿಟ್ ಮುಟ್ಟಿಸಿದರೆ ಬೆರಳಿಗೆ ಅಂಟಿತು. ಅಸಲಿ ಅಂಬರ್ ಹಾಗೆ ಅಂಟುವುದಿಲ್ಲ. ಒಳಗಿನ ಹುಳವೂ ಗುರುತಿನದೇ. ಅವರು ಬಾಯಿ ಬಿಡಲಿಲ್ಲ. ಹಿಂದೆಂದೂ ಕೊಡದಂಥ ಹೊಳಪು ಕೊಟ್ಟು ಕಳಿಸಿದರು.

ಮುಂದಿನ ಜನವರಿಯಲ್ಲಿ ಕೇಂದ್ರದ ಸಭಾಂಗಣ ತುಂಬಿತ್ತು. ಬಾಲಾಜಿ ಆ ಜೀರುಂಡೆಯನ್ನು ಪರದೆಯ ಮೇಲೆ ತೋರಿಸಿ, ಐದು ಕೋಟಿ ವರ್ಷದ ಹೊಸ ಕುಲ ಎಂದು ಘೋಷಿಸಿದರು. ಚಪ್ಪಾಳೆ ನಿಂತ ಮೇಲೆ ಹಿಂದಿನ ಸಾಲಿನಿಂದ ಅನುಸೂಯಮ್ಮ ಎದ್ದರು.

"ಅದಕ್ಕೆ ಒಂದು ತೊಟ್ಟು ಸ್ಪಿರಿಟ್ ಹಾಕಿ ನೋಡಿ ಸಾರ್."

"ಈಗ ಬೇಡಮ್ಮ, ಕೂತ್ಕೊ."

ಅತಿಥಿಯಾಗಿ ಬಂದಿದ್ದ ಹಿರಿಯ ವಿಜ್ಞಾನಿಯೊಬ್ಬರು ಆ ತುಂಡನ್ನು ತರಿಸಿ, ತಾವೇ ಸ್ಪಿರಿಟ್ ಹಾಕಿಸಿ ಬೆರಳಿಟ್ಟರು. ಅಂಟಿಕೊಂಡಿತು.

"ಹಾಗಾದ್ರೆ ಒಳಗಿರೋದು?" ಎಂದು ಅವರು ಕೇಳಿದರು.

"ಅವರೆಕಾಳು ಕೊರೆಯೋ ಹುಳ ಸಾರ್. ನಮ್ಮನೆ ಡಬ್ಬದಲ್ಲೂ ಇದೆ."

ಸಭೆ ಗೊಳ್ಳೆಂದಿತು. ಬಾಲಾಜಿಯ ಮುಖ ಬಿಳಿಚಿಕೊಂಡಿತು. ಅನುಸೂಯಮ್ಮ ಕಣ್ಣು ತೆಗೆಯದೆ ಅದನ್ನೇ ನೋಡುತ್ತಾ ನಿಂತರು.

ಕಾರಿಡಾರಿನಲ್ಲಿ ಬಾಲಾಜಿ ತಡೆದರು. "ಮೊದ್ಲೇ ಹೇಳ್ಬಹುದಿತ್ತಲ್ಲಮ್ಮ?"

"ಹೇಳಿದ್ರೆ ಅದೂ ನಿಮ್ಮ ಹೆಸರಲ್ಲೇ ಹೋಗ್ತಿತ್ತು ಸಾರ್."

ಬಾಲಾಜಿ ಮುಖ್ಯಸ್ಥನ ಸ್ಥಾನ ಕಳೆದುಕೊಂಡರು. ಗೊತ್ತಿದ್ದೂ ಮುಚ್ಚಿಟ್ಟದ್ದಕ್ಕೆ ಕೇಂದ್ರದವರು ಅನುಸೂಯಮ್ಮನನ್ನೂ ಕೆಲಸದಿಂದ ತೆಗೆದರು. ಗಂಡ ಚಿನ್ನಪ್ಪ, "ಇದು ಬೇಕಿತ್ತೇನೇ?" ಎಂದು ಗೊಣಗಿದರು.

"ಬೇಕಿತ್ತು ಕಣ್ರೀ," ಎಂದು ಅನುಸೂಯಮ್ಮ ಇನ್ನೊಂದು ಮುದ್ದೆ ಹಾಕಿಸಿಕೊಂಡರು. ಮರುವಾರ ಪೀಣ್ಯದ ಲೆನ್ಸ್ ಕಾರ್ಖಾನೆಯೊಂದರಲ್ಲಿ ಸೇರಿಕೊಂಡರು.