ಸಾಹೇಬರ ಅಂಗೈಯ ತಪಕೀರು

ಕಿವಿ ಕೇಳದವರ ತಲೆಗೆ ಪಾಠ ಹತ್ತುವುದಿಲ್ಲ ಎನ್ನುವವರನ್ನು ನಾನು ಎಷ್ಟೋ ಊರುಗಳಲ್ಲಿ ಕಂಡಿದ್ದೇನೆ. ಆದರೆ ಹಳಿಯಾಳದ ನಮ್ಮ ಸಾಲಿ ತಪಾಸಣೆಗೆ ಬಂದ ರುಮಾಲಿನ ಸಾಹೇಬರಷ್ಟು ಸಿಟ್ಟು ತರಿಸಿದವರು ಬೇರೊಬ್ಬರಿಲ್ಲ.

ಹುಟ್ಟುಕಿವುಡರಾದ ಮೂರು ಮಕ್ಕಳನ್ನು ನಾನು ಉಳಿದವರ ಜೊತೆಗೇ ಕೂಡಿಸಿ ಕಲಿಸುತ್ತಿದ್ದೆ. ಬೀಸುವ ಗಾಳಿ ವಸ್ತುಗಳನ್ನು ನೂಕುತ್ತದೆ ಎಂಬುದನ್ನು ಅವರಿಗೆ ಬಾಯಲ್ಲಿ ಹೇಳುವುದು ಹೇಗೆ? ಅಂಗೈಯಲ್ಲಿ ಭತ್ತದ ಹೊಟ್ಟು ಇಟ್ಟು ಮುಂದೆ ಚಾಚುತ್ತಿದ್ದೆ. ಅವರು ಉಫ್ ಎಂದು ಊದಿ ಹಾರಿಸುತ್ತಿದ್ದರು. ಚಾಚಿದ ಕೈ ನನ್ನ ಪ್ರಶ್ನೆ, ಊದುವುದು ಅವರ ಉತ್ತರ.

ಸಾಹೇಬರು ಆ ಮೂವರಲ್ಲಿ ಸಣ್ಣವಳಾದ ನಿಂಗವ್ವನ ಮುಂದೆ ನಿಂತು, “ಗಾಳಿ ಏನ ಮಾಡತೈತಿ? ಹೇಳ!” ಎಂದು ಗುಡುಗಿದರು.

“ಆಕಿಗೆ ಕೇಳಂಗಿಲ್ರಿ ಸಾಹೇಬ್ರ,” ಎಂದೆ.

ಅವರು ಇನ್ನೂ ಜೋರಾಗಿ ಕೂಗಿದರು. ಕೂಗಿ ದಣಿದು, ನಶ್ಯದ ಡಬ್ಬಿ ತೆಗೆದು, ಅವಳ ಮೂಗಿನ ಮುಂದೆಯೇ ಅಂಗೈಗೆ ತಪಕೀರು ಸುರುವಿಕೊಂಡರು. ಚಾಚಿದ ಅಂಗೈ ಕಂಡದ್ದೇ ನಿಂಗವ್ವನ ಮುಖ ಅರಳಿತು. ಉಫ್ ಎಂದು ಊದಿಯೇ ಬಿಟ್ಟಳು.

ಸಾಹೇಬರು ಸೀನುತ್ತ, ಕಣ್ಣೊರಸುತ್ತ, “ಈ ಉದ್ಧಟ ಹುಡುಗೀನ ನಾಳಿಂದ ಸಾಲ್ಯಾಗ ಕೂಡಸಬ್ಯಾಡ್ರಿ ಅಕ್ಕೋರ!” ಎಂದರು.

“ನೀವು ಕೇಳಿದ್ರಿ, ಆಕಿ ಉತ್ತರಾ ಕೊಟ್ಟಾಳ್ರಿ. ತಪ್ಪೇನೈತಿ?”

“ಬಾಯ್ಲೆ ಹೇಳಬೇಕ್ರಿ. ಅದು ಕಾಯದೆ.”

ಮಾತು ಬಾರದ ಮಗುವಿಗೆ ಬಾಯಿಪಾಠದ ಕಾಯದೆ!

ಮರುದಿನ ನಿಂಗವ್ವನನ್ನು ಎಲ್ಲರಿಗಿಂತ ಮುಂದೆ ಕೂಡಿಸಿದೆ. ತೆಗೆಯುವುದಿದ್ದರೆ ಮೊದಲು ನನ್ನನ್ನು ತೆಗೆಯಲಿ. ಊರು ಬಿಡುವುದು ನನಗೇನು ಹೊಸದಲ್ಲ. ಗಂಟು ಕಟ್ಟುವ ಹೊತ್ತೂ ಬೇಡ, ನಾನು ಅದನ್ನು ಪೂರ್ತಿ ಬಿಚ್ಚಿರುವುದೇ ಇಲ್ಲ.