ಹಡಗುಕಟ್ಟೆಯ ಮುಂದೆ ಅತ್ತವಳು

ಮೈಮೇಲೆ ಬರುವುದು, ಹಿಂದಿನ ಜನ್ಮದ ನೆನಪು, ಇಂಥವನ್ನೆಲ್ಲ ನಾನು ನಂಬಿದವಳಲ್ಲ. ಯಾರಾದರೂ ಹೇಳಿದರೆ ಅವರ ಮುಂದೆಯೇ ನಕ್ಕದ್ದೂ ಉಂಟು. ಇದನ್ನು ಓದಿ ನೀವು ನಕ್ಕರೆ ನನಗೆ ಬೇಸರವಿಲ್ಲ.

ನಾವು ನೈರೋಬಿಗೆ ಬಂದು ಕೆಲವು ವರ್ಷಗಳಾಗಿದ್ದವು. ಗಂಡನಿಗೆ ಔಷಧ ಕಾರ್ಖಾನೆಯಲ್ಲಿ ಕೆಲಸ, ನನಗೆ ಅದೇ ಊರಿನ ಗಿಗಿರಿ ಬಡಾವಣೆಯ ಒಂದು ಕಚೇರಿಯಲ್ಲಿ. ಕಚೇರಿಯ ಪಕ್ಕದ ಸಭಾಂಗಣದಲ್ಲಿ ಚೀನಾದ ಪುರಾತನ ಹಡಗುಕಟ್ಟೆಯೊಂದರ ಬಗ್ಗೆ ಪ್ರದರ್ಶನ ನಡೆದಿತ್ತು. ಅಲ್ಲಿಂದ ಹೊರಟ ಪಿಂಗಾಣಿ ಭಾರತದ ಪಶ್ಚಿಮ ಕರಾವಳಿಯನ್ನು ಮುಟ್ಟಿ ಕೀನ್ಯಾದ ದಡದವರೆಗೂ ಬರುತ್ತಿತ್ತಂತೆ. ಮಗಳು ಸ್ಫೂರ್ತಿಗೆ ಶಾಲೆಯಲ್ಲಿ ಅದೇ ಪಾಠ. ಒಂದು ಶನಿವಾರ ಊಟ ಮುಗಿಸಿ ಅವಳನ್ನೂ ಅವಳ ಗೆಳತಿಯರನ್ನೂ ಕರೆದುಕೊಂಡು ಹೋದೆ.

ಗಾಜಿನ ಪೆಟ್ಟಿಗೆಗಳಲ್ಲಿ ನೀಲಿ ಗೆರೆಯ ಪಿಂಗಾಣಿ ಚೂರುಗಳಿದ್ದವು. ಕೊನೆಯ ಗೋಡೆಯ ತುಂಬ ಆ ಹಡಗುಕಟ್ಟೆಯ ಒಂದೇ ಫೋಟೊ. ನೀರಿಗಿಳಿಯುವ ಕಲ್ಲಿನ ಮೆಟ್ಟಿಲುಗಳು, ನಡುವೆ ಸವೆದು ತಗ್ಗಾದಂಥವು. ನೋಡುತ್ತ ನಿಂತೆ. ನೀರಿನ ಮೇಲೆ ಕಂದು ಹಾಯಿಯ ಹಡಗೊಂದು ಮೆಲ್ಲಗೆ ದೂರ ಸರಿಯುತ್ತಿತ್ತು. ಇದು ವಿಡಿಯೊ ಇರಬೇಕು ಅಂದುಕೊಂಡೆ. ಅಷ್ಟರಲ್ಲಿ ಹತ್ತಿರದಲ್ಲೇ ಯಾರೋ ಹೆಂಗಸು ಅಳುವುದು ಕೇಳಿಸಿತು. ಸಾವಿನ ಮನೆಯಲ್ಲಿ ಅಳುವಂಥ ಅಳು. ಇಷ್ಟು ಜನರ ನಡುವೆ ಹೀಗೆ ಅಳುತ್ತಾಳಲ್ಲ, ನಾಚಿಕೆಯಾಗುವುದಿಲ್ಲವೇ ಎಂದುಕೊಂಡು ತಿರುಗಬೇಕೆನ್ನುವಾಗ ಯಾರೋ ನನ್ನ ತೋಳು ಹಿಡಿದೆಳೆದರು.

"ಅಮ್ಮಾ, ಪ್ಲೀಸ್, ಗೆಟ್ ಅಪ್. ಎವ್ರಿಬಡಿ ಈಸ್ ಲುಕಿಂಗ್," ಎಂದಳು ಸ್ಫೂರ್ತಿ.

ನಾನು ನೆಲದ ಮೇಲೆ ಕೂತಿದ್ದೆ. ಅಳುತ್ತಿದ್ದವಳು ನಾನೇ. ಪ್ರದರ್ಶನ ನೋಡಲು ಬಂದಿದ್ದ ನನ್ನ ಸಹೋದ್ಯೋಗಿಗಳು, ಮಗಳ ಗೆಳತಿಯರು ಸುತ್ತ ನಿಂತಿದ್ದರು. ಪ್ರದರ್ಶನದ ಚೀನೀ ಮಹಿಳೆಯೊಬ್ಬರು ನೀರು ತಂದುಕೊಟ್ಟು ಏನಾಯಿತೆಂದು ಕೇಳಿದರು. ಗೋಡೆಯ ಕಡೆ ನೋಡಿದೆ. ಕಲ್ಲು, ನೀರು, ಅಷ್ಟೇ. ಬೆಳಗಿನಿಂದ ಏನೂ ತಿಂದಿರಲಿಲ್ಲ, ತಲೆ ಸುತ್ತಿತು ಎಂದುಬಿಟ್ಟೆ. ನಾನು ಊಟ ಮಾಡಿದ್ದು ಸ್ಫೂರ್ತಿಗೆ ಗೊತ್ತಿತ್ತು.

ಲಂಗಾಟಾದ ನಮ್ಮ ಮನೆ ತಲುಪುವವರೆಗೂ ಅವಳು ಕಾರಿನ ಕಿಟಕಿಯಾಚೆಯೇ ನೋಡುತ್ತಿದ್ದಳು. ಗಂಡನಿಗೂ ಅದೇ ಸುಳ್ಳು ಹೇಳಿದೆ. ಕಚೇರಿಯಲ್ಲಿ ಯಾರೂ ಎದುರಾಗದಿರಲಿ ಎಂದು ಎಷ್ಟೋ ದಿನ ಲಿಫ್ಟ್ ಹತ್ತಲಿಲ್ಲ.

ಕೆಲವು ತಿಂಗಳಾದ ಮೇಲೆ ಒಂದು ಬೆಳಿಗ್ಗೆ ದೋಸೆ ಹುಯ್ಯುತ್ತಿದ್ದೆ. ಕನ್ನಡದಲ್ಲಿ ಕೇಳಿದರೂ ಇಂಗ್ಲಿಷಿನಲ್ಲೇ ಉತ್ತರಿಸುವ ಸ್ಫೂರ್ತಿ ಹಿಂದೆ ಬಂದು ನಿಂತು, ಮಾತು ಹುಡುಕಿಕೊಂಡು ಕೇಳಿದಳು:

"ಅಮ್ಮಾ, ಅವತ್ತು ಆ ಹಡಗು ನಿಂಗೂ ಕಾಣಿಸ್ತಾ?"

ಹಡಗಿನ ವಿಷಯ ನಾನು ಯಾರ ಹತ್ತಿರವೂ ಬಾಯಿಬಿಟ್ಟಿರಲಿಲ್ಲ.

"ಯಾವ ಹಡಗು?" ಎಂದೆ, ಕಾವಲಿಯಿಂದ ಕಣ್ಣೆತ್ತದೆ.

"ನಥಿಂಗ್," ಎಂದು ತಟ್ಟೆ ತೆಗೆದುಕೊಂಡು ಹೋದಳು.

ಮತ್ತೆ ಅವಳು ಕೇಳಿಲ್ಲ. ನಾನಾಗಿ ಹೇಳಲು ಇವತ್ತಿಗೂ ಬಾಯಿ ಬಂದಿಲ್ಲ. ನಮ್ಮಿಬ್ಬರಿಗೆ ಕಂಡದ್ದು ಏನೋ, ಏಕೆ ಕಂಡಿತೋ ತಿಳಿಯದು. ಜನರೆದುರು ಅತ್ತ ನಾಚಿಕೆ ಎಂದೋ ಕಳೆಯಿತು. ಅಡುಗೆಮನೆಯಲ್ಲಿ ನಾನು ಮಗಳಿಗೆ ಆಡಿದ ಆ ಒಂದು ಮಾತಿನದು ಹೋಗಿಲ್ಲ.