ಸಮುದ್ರಕ್ಕೊಂದು ಚಿಟಿಕೆ ಸುಣ್ಣ

ನನಗೆ ಜಂಭ ಸ್ವಲ್ಪ ಜಾಸ್ತಿ. ಬೇರೆಯವರು ಹೇಳುವ ಮೊದಲು ನಾನೇ ಹೇಳಿಬಿಡುವುದು ಕ್ಷೇಮ. ಕೆಲವರಿಗೆ ಚಿನ್ನದ ಜಂಭ, ಕೆಲವರಿಗೆ ಮಕ್ಕಳು ರ‍್ಯಾಂಕು ಬಂದ ಜಂಭ. ನನ್ನದು ನೀರಿನ ಜಂಭ, ಅದೂ ಉಪ್ಪುನೀರಿನದು. ಎಪ್ಪತ್ತರ ದಶಕ ಮುಗಿಯುತ್ತಿದ್ದ ಕಾಲದಲ್ಲಿ, ಕಾಪುವಿನ ನಮ್ಮ ಮನೆಯ ಚಾವಡಿಯಲ್ಲಿ, ಗೋಡೆಯ ಮೇಲಿನ ಏಸುವಿನ ಪಟದ ಕೆಳಗೆ, ನಾನು ಒಂದು ಸಮುದ್ರವನ್ನು ಸಾಕಿದ್ದೆ. ಸಾಕಿದ್ದೆ ಎಂದರೆ ಸುಮ್ಮನೆ ಇಟ್ಟುಕೊಂಡಿದ್ದೆ ಎಂದಲ್ಲ. ದಿನಾ ಅದರ ನಾಡಿ ಹಿಡಿದು, ಹುಳಿಯಾಗದಂತೆ ಕಾದು, ಮಳೆಗಾಲ ದಾಟಿಸಿದ್ದೆ. ಹತ್ತು ಹೆಜ್ಜೆ ನಡೆದರೆ ನಿಜವಾದ ಸಮುದ್ರವೇ ಇರುವ ಊರಿನಲ್ಲಿ ಇದೆಂಥ ಹುಚ್ಚು ಎಂದು ನೀವು ಕೇಳಬಹುದು. ಕೇಳಿ, ಇಡೀ ಊರೇ ಕೇಳಿತ್ತು.

ಹುಚ್ಚು ಹತ್ತಿಸಿದವರು ನನ್ನ ಯಜಮಾನರು, ಆಲ್ಫಿ. ಬಹರೈನಿನಲ್ಲಿ ಕೆಲಸ. ರಜೆಗೆ ಬರುವಾಗ ಎಲ್ಲರ ಗಂಡಂದಿರು ಟೇಪ್ ರೆಕಾರ್ಡರ್ ತಂದರೆ ಇವರು ನೀರಿಗೆ ಗಾಳಿ ಊದುವ ಒಂದು ಪುಟ್ಟ ಮೋಟಾರು ತಂದರು. ಉಡುಪಿಯಲ್ಲಿ ದಪ್ಪ ಗಾಜು ಕೊಯ್ಸಿ ಪೆಟ್ಟಿಗೆ ಮಾಡಿಸಿದರು. ಸಮುದ್ರದಿಂದ ನೀರು, ಮರಳು, ಕಲ್ಲು, ಚಿಪ್ಪಿನ ಚೂರು ತಂದು ತುಂಬಿ ಹಲವು ವಾರ ಹಾಗೆಯೇ ಬಿಟ್ಟೆವು. ಆಮೇಲೆ ದೀಪಸ್ತಂಭದ ಕೆಳಗಿನ ಬಂಡೆಗಳ ನಡುವೆ, ಇಳಿತದ ಹೊತ್ತು ನಿಂತುಕೊಳ್ಳುವ ನೀರಿನಿಂದ ಪಟ್ಟೆಪಟ್ಟೆಯ ಎರಡು ಪುಟ್ಟ ಮೀನುಗಳನ್ನು ಹಿಡಿದು ತಂದೆವು. ಹೊರಡುವ ದಿನ ಆಲ್ಫಿ ನಗುತ್ತಾ, "ನಾನು ಮುಂದಿನ ಸಲ ಬರುವಾಗ ಇದರಲ್ಲಿ ಕೊತ್ತಂಬರಿ ಸೊಪ್ಪು ಬೆಳೆದಿರ್ತದೆ, ನೋಡು" ಎಂದರು. ಕಾರ್ಕಳದಿಂದ ಬೀಳ್ಕೊಡಲು ಬಂದಿದ್ದ ನನ್ನ ನಾದಿನಿ ಗಾಜಿನ ಮೇಲೆ ಬೆರಳು ಬಡಿದು, "ಮೀನು ಸತ್ರೆ ಪೆಟ್ಟಿಗೆ ನನಗೆ ಕೊಡು ಹಾಂ, ಫಾರಿನ್ ಕಪ್ಪು-ಬಸಿ ಇಡ್ಲಿಕ್ಕೆ ಲಾಯ್ಕ ಆಗ್ತದೆ" ಎಂದಳು. "ಸತ್ರೆ" ಎಂಬ ಮಾತನ್ನು ಅವಳು "ಸತ್ತ ಮೇಲೆ" ಎಂಬ ಧಾಟಿಯಲ್ಲಿ ಹೇಳಿದಳು. ಆ ಕ್ಷಣವೇ ನಾನು ತೀರ್ಮಾನಿಸಿದೆ: ಆಲ್ಫಿ ಮರಳಿ ಬರುವ ತನಕ ಈ ಸಮುದ್ರ ಬದುಕಲೇಬೇಕು. ನಾನು ವಿಜ್ಞಾನದ ಟೀಚರು. ಪೆಟ್ಟಿಗೆಯೊಳಗೆ ಕಪ್ಪು-ಬಸಿ ಬಂತೆಂದರೆ ಶಾಲೆಯಲ್ಲಿ ನನ್ನ ಮಾನ ಏನು ಉಳಿದೀತು?

ಮನೆಯಲ್ಲಿ ಉಳಿದದ್ದು ನಾನು ಮತ್ತು ಅತ್ತೆ. ಅವರನ್ನು ನಾವೆಲ್ಲ ಮಾಂಯ್ ಎನ್ನುತ್ತಿದ್ದೆವು. ಎಲೆ ಅಡಿಕೆಯ ಪೆಟ್ಟಿಗೆ ಮಡಿಲಿನಲ್ಲಿಟ್ಟುಕೊಂಡು ಚಾವಡಿಯ ಒರಗು ಕುರ್ಚಿಯಲ್ಲಿ ಕೂತು ಇಡೀ ಓಣಿಯ ಆಡಳಿತ ನಡೆಸುತ್ತಿದ್ದ ಹೆಂಗಸು. ಜೀವಮಾನದಲ್ಲಿ ತಾನು ತಪ್ಪಿದೆ ಎಂದು ಒಮ್ಮೆಯೂ ಒಪ್ಪಿಕೊಂಡವರಲ್ಲ. ಗೋಡೆಗೆ ತಲೆ ತಾಗಿದರೆ ಗೋಡೆಯೇ ಅಡ್ಡ ಬಂತು ಎನ್ನುವ ಜಾತಿ. ಮೀನುಗಳನ್ನು ಮೊದಲ ದಿನ ನೋಡಿ, "ಎರಡೂ ಸೇರಿದ್ರೆ ಒಂದು ತುತ್ತಿಗೆ ಸಾಲುದಿಲ್ಲ" ಎಂದು ಮುಖ ತಿರುಗಿಸಿದ್ದರು. ಅವರನ್ನು ದೂರಿ ಪ್ರಯೋಜನವಿಲ್ಲ. ನಮ್ಮ ಕರಾವಳಿಯಲ್ಲಿ ಮೀನೆಂದರೆ ಬಾಣಲೆಯ ದಾರಿಯಲ್ಲಿರುವ ಪ್ರಾಣಿ. ನಮ್ಮ ಮನೆಗೆ ಬಂದವರೆಲ್ಲ ಮೊದಲು ಗಾಜಿಗೆ ಮೂಗು ತಾಗಿಸುತ್ತಿದ್ದರು, ಆಮೇಲೆ ಮೆಲ್ಲಗೆ ಕೇಳುತ್ತಿದ್ದರು: "ಇದು ಗಸಿಗೆ ಆಗ್ತದಾ?"

ಆದರೆ ಇಡೀ ದಿನ ಎದುರಿಗೆ ಕೂತವರ ಮೇಲೆ ಮಮತೆ ಹುಟ್ಟದೆ ಇರುತ್ತದೆಯೇ! ಒಂದು ಸಂಜೆ ಶಾಲೆಯಿಂದ ಬಂದಾಗ ಮಾಂಯ್ ಮೀನುಗಳಿಗೆ ಪೆದ್ರು, ಪಾವ್ಲು ಎಂದು ಹೆಸರಿಟ್ಟಾಗಿತ್ತು. ಕರೆಂಟು ಹೋದರೆ ಮೋಟಾರು ನಿಲ್ಲುತ್ತಿತ್ತಲ್ಲ, ಆಗ ಚೆಂಬಿನಲ್ಲಿ ನೀರೆತ್ತಿ ಮೇಲಿನಿಂದ ಹೊಯ್ದು ಗಾಳಿ ಕೊಡುವ ಕೆಲಸವನ್ನು ಅವರೇ ಮೈಮೇಲೆ ಹಾಕಿಕೊಂಡರು. ಹೊಯ್ಯುತ್ತಾ ವಿದ್ಯುತ್ ಮಂಡಳಿಯ ಏಳು ತಲೆಮಾರಿಗೆ ಕೊಂಕಣಿಯಲ್ಲಿ ಮಂಗಳಾರತಿ ಎತ್ತುತ್ತಿದ್ದರು.

ಇಲ್ಲಿ ನಾನು ಸ್ವಲ್ಪ ಟೀಚರಾಗುತ್ತೇನೆ, ಸಹಿಸಿಕೊಳ್ಳಿ. ಸಮುದ್ರದ ನೀರು ಸಿಹಿನೀರಿಗಿಂತ ತುಸು ಕ್ಷಾರ. ಅದನ್ನು ಅಳೆಯುವ ಅಂಕಿಗೆ ಪಿ.ಹೆಚ್. ಎನ್ನುತ್ತಾರೆ. ಎಂಟರ ಮೇಲೆ ಸ್ವಲ್ಪ ಇದ್ದರೆ ಸಮುದ್ರ ನೆಮ್ಮದಿಯಾಗಿದೆ ಎಂದರ್ಥ. ಆದರೆ ಪಿ.ಹೆಚ್. ಎನ್ನುವುದು ನೀರಿನ ಈ ಹೊತ್ತಿನ ಮುಖ ಮಾತ್ರ. ಅದರ ಹಿಂದೆ ಕ್ಷಾರೀಯತೆ ಅಂತ ಇನ್ನೊಂದು ಉಂಟು, ಅದು ನೀರಿನ ತಾಳ್ಮೆ. ಮೀನು ತಿಂದು ಬಿಟ್ಟದ್ದೆಲ್ಲ ಕೊಳೆತು ದಿನಾ ಸ್ವಲ್ಪ ಸ್ವಲ್ಪ ಆಮ್ಲವಾಗುತ್ತದೆ. ನೀರು ಅದನ್ನು ನುಂಗಿಕೊಳ್ಳುತ್ತದೆ. ಇವತ್ತೂ ನುಂಗುತ್ತದೆ, ನಾಳೆಯೂ ನುಂಗುತ್ತದೆ, ಮುಖದಲ್ಲಿ ಅಂಥ ಬದಲಾವಣೆ ಏನೂ ಕಾಣಿಸುವುದಿಲ್ಲ. ಒಂದು ದಿನ ತಾಳ್ಮೆ ಮುಗಿದಾಗ ಮುಖ ಧಡಕ್ಕನೆ ಬೀಳುತ್ತದೆ. ಒಂದೇ ಅಡುಗೆಮನೆಯಲ್ಲಿ ಬಾಳಿದ ಅತ್ತೆ ಸೊಸೆಯರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ಉಳಿದವರು ರಸಾಯನಶಾಸ್ತ್ರ ಓದಿಕೊಳ್ಳಬಹುದು.

ಮುಖ ನೋಡುವುದಕ್ಕೆ ಶಾಲೆಯ ಲ್ಯಾಬಿನ ಬಣ್ಣದ ಕಾಗದ ಇತ್ತು. ಮಳೆಗಾಲದ ತೇವಕ್ಕೆ ಅದು ಬೂಸಲು ಹಿಡಿದ ಮೇಲೆ ನಾನು ಅಂಗಳದ ಕೆಂಪು ದಾಸವಾಳವನ್ನು ಬಿಳಿ ಕಾಗದಕ್ಕೆ ತಿಕ್ಕಿ ಒಲೆಯ ಬಳಿ ಒಣಗಿಸಿಟ್ಟುಕೊಂಡೆ. ಹುಳಿ ತಾಗಿದರೆ ಗುಲಾಬಿ, ಸಮುದ್ರದಂತೆ ತುಸು ಕ್ಷಾರವಾದರೆ ನೀಲಿ, ಕ್ಷಾರ ಹೆಚ್ಚಾದರೆ ಹಸುರು. ತಾಳ್ಮೆ ನೋಡುವುದು ಅದಕ್ಕಿಂತ ಸೂಕ್ಷ್ಮ. ಬೇಸಗೆಯಲ್ಲಿ ತಂದ ನಿಜವಾದ ಸಮುದ್ರದ ನೀರನ್ನು ಒಂದು ಬಾಟಲಿಯಲ್ಲಿ ಬಿರಡೆ ಬಿಗಿದು ಲ್ಯಾಬಿನಲ್ಲಿ ಇಟ್ಟಿದ್ದೆ. ಅದಕ್ಕೆ ಆಮ್ಲವನ್ನು ತೊಟ್ಟು ತೊಟ್ಟಾಗಿ ಬಿಟ್ಟು, ಬಣ್ಣ ತಿರುಗಲು ಎಷ್ಟು ಬೇಕು ಎಂದು ನೋಡುವುದು. ಆಮೇಲೆ ಅಷ್ಟೇ ಅಳತೆಯ ಮನೆಯ ನೀರಿಗೂ ಹಾಗೆಯೇ ಬಿಡುವುದು. ಎರಡೂ ಸಮಸಮ ಬಂದರೆ ನನ್ನ ಸಮುದ್ರಕ್ಕೂ ಅರಬ್ಬೀ ಸಮುದ್ರಕ್ಕೂ ಭೇದವಿಲ್ಲ. ಬೇಸಗೆಯಿಡೀ ಭೇದವಿರಲಿಲ್ಲ. ಕೊಡಪಾನದಲ್ಲಿ ಹೊಸ ನೀರು ತಂದು ಹಾಕುತ್ತಿದ್ದೆ, ಸಮುದ್ರ ತಾನೇ ತಾಳ್ಮೆ ತುಂಬಿ ಕೊಡುತ್ತಿತ್ತು. ಸೊಂಟದಲ್ಲಿ ಕೊಡ ಇಟ್ಟು ಸಮುದ್ರದಿಂದ ನೀರು ಹೊರುವ ಟೀಚರನ್ನು ನೋಡಿ ಗೂಡಂಗಡಿಯ ಇಸ್ಮಾಲಿ ಬ್ಯಾರಿಗಳು, "ಎಂತ ಟೀಚರಮ್ಮ, ಮನೆಯಲ್ಲಿ ಉಪ್ಪು ಮುಗಿದಿದ್ರೆ ನನ್ನ ಅಂಗಡಿಯಲ್ಲಿ ಉಂಟಲ್ಲ?" ಎಂದು ತಮಾಷೆ ಮಾಡುತ್ತಿದ್ದರು.

ಮಳೆ ಹಿಡಿಯಿತು ನೋಡಿ, ಆಟ ಕೆಟ್ಟಿತು. ಹೊಳೆಗಳೆಲ್ಲ ಕೆಂಪು ನೀರನ್ನು ತಂದು ಸುರಿದು ದಡದ ಸಮುದ್ರ ಕೆಸರಾಯಿತು, ಉಪ್ಪೂ ಸಪ್ಪೆಯಾಯಿತು. ಅಲೆಗಳ ಅಬ್ಬರಕ್ಕೆ ಕೊಡ ಹಿಡಿದು ಹತ್ತಿರ ಹೋಗುವ ಹಾಗೂ ಇಲ್ಲ. ಲ್ಯಾಬಿನಲ್ಲಿ ನೋಡಿದರೆ ಮನೆಯ ನೀರಿನ ತಾಳ್ಮೆ ಅರ್ಧಕ್ಕಿಳಿದಿತ್ತು. ಪೆದ್ರು ಮತ್ತು ಪಾವ್ಲು ಮೇಲೆ ಬಂದು ಬಾಯಿ ತೆರೆದು ಮುಚ್ಚುತ್ತಿದ್ದವು. ಅಡುಗೆಸೋಡಾ ಕರಗಿಸಿ ಸ್ವಲ್ಪ ಸ್ವಲ್ಪ ಹಾಕತೊಡಗಿದೆ. ಚೇತರಿಸಿಕೊಂಡವು. ಆದರೆ ಅಡುಗೆಮನೆಯ ಡಬ್ಬಿ ಖಾಲಿಯಾಗಿ ಮಾಂಯ್‌ಯವರ ಕಡಲೆ ಬೇಯದೆ ಹೋದದ್ದರಿಂದ ಮನೆಯ ಪಿ.ಹೆಚ್. ಕೆಳಗಿಳಿಯಿತು.

ಒಂದು ಭಾನುವಾರ ನಾನು ಕಾರ್ಕಳಕ್ಕೆ, ನಾದಿನಿಯ ಮನೆಗೆ ಊಟಕ್ಕೆ ಹೋಗಿದ್ದೆ. ಅಲ್ಲಿ ಅವಳು ಕಪ್ಪು-ಬಸಿಗಳನ್ನು ತೆಗೆದು ತೋರಿಸಿ, "ಇಡ್ಲಿಕ್ಕೆ ಜಾಗ ಇಲ್ಲ ಮಾರಾಯ್ತಿ" ಎಂದು ಮೂರು ಸಲ ಹೇಳಿದಳು. ಇತ್ತ ಮನೆಯಲ್ಲಿ ಮಾಂಯ್ ಮೀನಿನ ನೀರು ಹಳದಿಗಟ್ಟಿದ್ದನ್ನು ನೋಡಿದ್ದಾರೆ. ನಮ್ಮ ಕಡೆ ಮಳೆಗಾಲದಲ್ಲಿ ಬಾವಿಯ ನೀರು ಕೆಂಪಾದರೆ ಏನು ಮಾಡುತ್ತಾರೆ? ಸುಣ್ಣ ಬಿಡುತ್ತಾರೆ. ಅಜ್ಜ ಮುತ್ತಜ್ಜನ ಕಾಲದಿಂದ ಹಾಗೆಯೇ. ಹತ್ತಿರದ ಕೆಮ್ಮಣ್ಣು ಊರಿನ ಹೊಳೆಯ ಚಿಪ್ಪು ಸುಟ್ಟು ಮಾಡಿದ ಸುಣ್ಣವೇ ಗೋಡೆಗೂ ಬೇಕು, ಎಲೆಗೂ ಬೇಕು, ಬಾವಿಗೂ ಬೇಕು. ಬಾವಿಗೆ ಒಳ್ಳೆಯದು ಪೆಟ್ಟಿಗೆಗೆ ಕೆಟ್ಟದ್ದಾಗುವುದು ಹೇಗೆ? ಮಾಂಯ್ ತಮ್ಮ ಎಲೆ ಪೆಟ್ಟಿಗೆಯ ಸುಣ್ಣದ ಕರಡಿಗೆಯನ್ನು ಪೂರ್ತಿ ಕೆರೆದು ಸಮುದ್ರಕ್ಕೆ ಹಾಕಿಬಿಟ್ಟಿದ್ದರು.

ನಾನು ಕೊಡೆ ಮಡಚಿ ಒಳಗೆ ಬಂದಾಗ ಪೆಟ್ಟಿಗೆಯಲ್ಲಿ ನೀರಿರಲಿಲ್ಲ, ಮಜ್ಜಿಗೆ ಇತ್ತು. ಮಾಂಯ್ ಗಾಜಿಗೆ ಅಂಗೈ ಒತ್ತಿ ನಿಂತಿದ್ದರು. "ಹಾಕಿ ಒಂದು ಗಳಿಗೆ ಆಗ್ಲಿಲ್ಲ. ಪೆದ್ರು ಕಾಣುದಿಲ್ಲ" ಎಂದರು, ಅಷ್ಟೆ. ದಾಸವಾಳದ ಕಾಗದ ಅದ್ದಿದರೆ ಹಚ್ಚ ಹಸುರು. ನನಗೆ ಬಂದ ಸಿಟ್ಟಿಗೆ ಬಾಯಿ ತೆರೆದಿದ್ದರೆ ಹತ್ತು ವರ್ಷದ ತಾಳ್ಮೆ ಒಂದೇ ಏಟಿಗೆ ಮುಗಿಯುತ್ತಿತ್ತು. ಆದರೆ ಅವರು ಗಾಜಿನಿಂದ ಅಂಗೈ ತೆಗೆದಿರಲಿಲ್ಲ. ಬಾಯಿ ಮುಚ್ಚಿಕೊಂಡೆ. ಮೀನುಗಳನ್ನು ಎತ್ತಿ ಬೇರೆ ನೀರಿಗೆ ಬಿಡೋಣವೆಂದರೆ ಮಳೆಗಾಲದಲ್ಲಿ ಇನ್ನೊಂದು ಸಮುದ್ರ ಎಲ್ಲಿಂದ ತರಲಿ?

ಆಗ ನೆನಪಾಯಿತು, ಪ್ರತಿ ವರ್ಷ ನಾನೇ ಕ್ಲಾಸಿನಲ್ಲಿ ಮಾಡಿ ತೋರಿಸುವ ಪ್ರಯೋಗ. ಸುಣ್ಣದ ತಿಳಿನೀರಿಗೆ ನಳಿಗೆಯಲ್ಲಿ ಉಸಿರು ಊದಿದರೆ ಹಾಲಿನಂತಾಗುತ್ತದೆ. ಎಲ್ಲರೂ ಅಲ್ಲಿಗೇ ನಿಲ್ಲಿಸುತ್ತಾರೆ. ಬಿಡದೆ ಊದುತ್ತಲೇ ಇದ್ದರೆ ಅದು ಮತ್ತೆ ತಿಳಿಯಾಗುತ್ತದೆ. ಉಸಿರಿನಲ್ಲಿರುವ ಆ ಗಾಳಿ ಸುಣ್ಣದ ಉರಿಯನ್ನು ಕೊಲ್ಲುತ್ತದೆ. ಆದರೆ ಇಷ್ಟು ನೀರಿಗೆ ಊದಲು ನನ್ನ ಎದೆಯಲ್ಲಿ ಅಷ್ಟು ಉಸಿರು ಎಲ್ಲಿಂದ ಬರಬೇಕು? ಅದೇ ಗಾಳಿಯನ್ನು ಬಾಟಲಿಯಲ್ಲಿ ತುಂಬಿ ಮಾರುವವರು ಓಣಿಯ ಕೊನೆಯಲ್ಲೇ ಇದ್ದರು. ಸೀರೆ ಎತ್ತಿ ಕಟ್ಟಿ ಓಡಿದೆ.

"ಬ್ಯಾರಿಗಳೇ, ಗೋಲಿಸೋಡಾ ಕೊಡಿ. ಸಪ್ಪೆಯದ್ದು. ಇದ್ದದ್ದೆಲ್ಲ ಕೊಡಿ."

"ಅಲ್ಲಾ, ಯಾರಿಗೆ ಹೊಟ್ಟೆನೋವು ಟೀಚರಮ್ಮ?"

"ಮೀನಿಗೆ!"

ಅವರು ನನ್ನ ಮುಖ ನೋಡಿದರು. ಸೋಡಾದ ಮರದ ಪೆಟ್ಟಿಗೆಯನ್ನೇ ಹೆಗಲಿಗೇರಿಸಿ ಮಳೆಯಲ್ಲಿ ನನ್ನ ಹಿಂದೆ ಬಂದರು. ಚಾವಡಿಯಲ್ಲಿ ಮೂವರೂ ಸೇರಿ ಕೆಲಸಕ್ಕಿಳಿದೆವು. ಬ್ಯಾರಿಗಳು ಟೊಯ್ಕ್ ಎಂದು ಗೋಲಿ ಒತ್ತುವುದು, ನಾನು ತೆಳ್ಳಗೆ ಹೊಯ್ಯುವುದು, ಮಾಂಯ್ ಸೌಟಿನಲ್ಲಿ ಮೆಲ್ಲಗೆ ಕದಡುವುದು, ನಡುನಡುವೆ ಕಾಗದ ಅದ್ದುವುದು. ಹಸುರು ಇಳಿದು ನೀಲಿಯ ಕಡೆಗೆ ಸರಿದಾಗ ಕೈ ತಡೆದೆ. ಕತ್ತಲಾಗುವ ಹೊತ್ತಿಗೆ ನೀರು ತಿಳಿಯಾಗುತ್ತಾ ಬಂತು. ಪೆದ್ರು ಕಲ್ಲಿನ ಸಂದಿನಿಂದ ಹೊರಬಂದು ಅಡ್ಡಾದಿಡ್ಡಿ ಈಜಿತು. ಪಾವ್ಲು ಬರಲಿಲ್ಲ.

ಪಾವ್ಲುವನ್ನು ಮಾಂಯ್ ತೆಂಗಿನ ಬುಡದಲ್ಲಿ ಹೂತರು. ಮರುದಿನ ಮೀನಿನವಳು ಬಂದಾಗ, "ಇವತ್ತು ಬೇಡ" ಎಂದು ಕಳಿಸಿದರು. ಉಪವಾಸದ ದಿನವೂ ಬಂಗುಡೆ ಬಿಡಲು ಗೊಣಗುತ್ತಿದ್ದ ಹೆಂಗಸು!

ಆಮೇಲೆ ನಡೆದದ್ದನ್ನು ನಾನು ಪ್ರತಿ ವರ್ಷದ ಮಕ್ಕಳಿಗೂ ಹೇಳಿದ್ದೇನೆ. ಲ್ಯಾಬಿಗೆ ಒಯ್ದ ನೀರಿಗೆ ಆಮ್ಲ ಬಿಡುತ್ತಾ ಹೋದೆ. ಬಣ್ಣ ತಿರುಗುವುದೇ ಇಲ್ಲ! ಕೊನೆಗೆ ತಿರುಗಿದಾಗ ನೋಡಿದರೆ, ಬಾಟಲಿಯ ಅರಬ್ಬೀ ಸಮುದ್ರದಷ್ಟೇ ಆಗಿತ್ತು. ಉರಿ ಕಳೆದುಕೊಂಡ ಸುಣ್ಣ ಎಲ್ಲಿಗೂ ಹೋಗಿರಲಿಲ್ಲ, ನೀರಿನಲ್ಲಿ ತಾಳ್ಮೆಯಾಗಿ ಕೂತಿತ್ತು. ಚಿಪ್ಪಿನ ಸುಣ್ಣ ಸಮುದ್ರದ್ದೇ ತಾನೇ, ವಾಪಸು ಮನೆಗೆ ಬಂದಿತ್ತು. ಮಾಂಯ್‌ಯವರ ಔಷಧಿ ಸರಿ, ಪ್ರಮಾಣ ಮಾತ್ರ ಬಾವಿಯದ್ದು.

ಅಂದಿನಿಂದ ಒಂದು ಚಿಟಿಕೆ ಸುಣ್ಣವನ್ನು ನೀರಿನಲ್ಲಿ ಕಲಸಿ, ಮೇಲಿನ ತಿಳಿಯನ್ನು ಮಾತ್ರ ತೊಟ್ಟು ತೊಟ್ಟಾಗಿ ಬೀಳುವ ಹಾಗೆ ಇಟ್ಟೆವು. ಚಿಟಿಕೆ ತೆಗೆಯುವುದು ಮಾಂಯ್, ಅಳೆಯುವುದು ನಾನು. ಬೆಳಿಗ್ಗೆ ಮೊದಲ ಸುಣ್ಣ ಪೆದ್ರುವಿಗೆ, ಆಮೇಲೆ ಅವರ ಎಲೆಗೆ. ನಾನು ಕಾಗದ ಅದ್ದಿದ ಕೂಡಲೆ ಕುರ್ಚಿಯಿಂದ ಪ್ರಶ್ನೆ ಬರುತ್ತಿತ್ತು: "ಎಷ್ಟು ಉಂಟು?" ನಾನು "ಸಮುದ್ರದಷ್ಟೇ ಉಂಟು" ಎಂದ ಮೇಲೆಯೇ ಅವರ ಬಾಯಿಗೆ ಎಲೆ ಹೋಗುತ್ತಿದ್ದದ್ದು. ಮಳೆಗಾಲ ಹಾಗೆಯೇ ಕಳೆಯಿತು. ಅಡುಗೆಸೋಡಾ ಕಡಲೆಗೆ ಮರಳಿತು.

ಆಲ್ಫಿ ರಜೆಗೆ ಬಂದರು. ನಾದಿನಿಯೂ ಕಾರ್ಕಳದಿಂದ ಬಂದಳು, ಹಳೆ ಪತ್ರಿಕೆಗಳ ಒಂದು ಕಟ್ಟು ಹಿಡಿದುಕೊಂಡು. ಗಾಜು ಸುತ್ತಲಿಕ್ಕೆ! ಪೆಟ್ಟಿಗೆಯಲ್ಲಿ ಪೆದ್ರು ರಾಜನ ಹಾಗೆ ತಿರುಗುತ್ತಿತ್ತು. ಆಲ್ಫಿ ಬಗ್ಗಿ ನೋಡಿ, ನೋಡಿ, "ಹೌದಾ ಮಾರಾಯ್ತಿ!" ಎಂದರು. ಆ ಒಂದು ಮಾತಿಗೆ ನಾನು ನೆಲದಿಂದ ಒಂದು ಅಡಿ ಮೇಲೆದ್ದಿದ್ದೆ. ಆದರೆ ನಾದಿನಿ ಬಿಡುವವಳೇ? "ಎರಡು ಇತ್ತಲ್ವಾ? ಇನ್ನೊಂದು ಎಲ್ಲಿ?" ಎಂದಳು.

ಮಗ, ಮಗಳ ಎದುರಿನಲ್ಲಿ ಮಾಂಯ್ ಹೆಸರು ತೆಗೆಯುವುದು ಬೇಡವೆಂದು, "ಅದಕ್ಕೆ ಏನೋ ಸೀಕು" ಎನ್ನಲು ಬಾಯಿ ತೆರೆದೆ. ಅಷ್ಟರಲ್ಲಿ ಒರಗು ಕುರ್ಚಿ ಕಿರುಗುಟ್ಟಿತು.

"ನಾನು ಕೊಂದದ್ದು" ಎಂದರು ಮಾಂಯ್. "ಬಾವಿ ಅಂತ ತಿಳಿದು ಸುಣ್ಣ ಹಾಕಿದೆ. ತಪ್ಪು ನನ್ನದು. ಇವಳು ನನಗೆ ಒಂದು ಮಾತು ಬೈಲಿಲ್ಲ. ಕಪ್ಪು-ಬಸಿಗೆ ಕಪಾಟು ಬೇಕಾದ್ರೆ ಬಡಗಿಗೆ ಹೇಳು. ಇದು ಇಲ್ಲಿಂದ ಅಲ್ಲಾಡುದಿಲ್ಲ."

ಆಲ್ಫಿ ಅಮ್ಮನನ್ನು ಮೊದಲ ಸಲ ನೋಡುವವರ ಹಾಗೆ ನೋಡುತ್ತಿದ್ದರು. ಆಮೇಲಿನ ವರ್ಷಗಳಲ್ಲಿ ನನಗೆ ಒಳ್ಳೆಯ ಟೀಚರೆಂದು ಶಾಲು ಹೊದೆಸಿದ್ದಾರೆ, ಹಣ್ಣಿನ ಬುಟ್ಟಿ ಕೊಟ್ಟಿದ್ದಾರೆ. ಆ ದಿನದಷ್ಟು ಜಂಭ ನನಗೆ ಯಾವ ಶಾಲಿನಿಂದಲೂ ಬರಲಿಲ್ಲ. ಆದರೆ ಕಣ್ಣು ಒರೆಸಿಕೊಳ್ಳುವಷ್ಟು ಬಿಡುವನ್ನೂ ಮಾಂಯ್ ಕೊಡಲಿಲ್ಲ. ಎಲೆಗೆ ಸುಣ್ಣ ಹಚ್ಚಿ ಕೈಯಲ್ಲಿ ಹಿಡಿದುಕೊಂಡೇ ಕೂತಿದ್ದರು.

"ಇವತ್ತಿನದ್ದು ಹೇಳ್ಲೇ ಇಲ್ಲ ನೀನು" ಎಂದು ರೇಗಿದರು. "ಎಷ್ಟು ಉಂಟು?"

"ಸಮುದ್ರದಷ್ಟೇ ಉಂಟು, ಮಾಂಯ್."

ಎಲೆ ಬಾಯಿಗೆ ಹೋಯಿತು.